ಓದುಗರ ಪ್ರಶ್ನೆ: ಸ್ಕೂಲಲ್ಲಿ ಶಾಲಾ ಸಂಸತ್ ಎಲೆಕ್ಷನ್ ಮಾಡ್ತಾರಲ್ಲ, ಅದ್ರಿಂದ ಮಕ್ಕಳು ನಿಜವಾಗ್ಲೂ ಏನಾದ್ರೂ ಕಲೀತಾರಾ?

ಜೂನ್‌ನಲ್ಲಿ ಸ್ಕೂಲ್ ಶುರುವಾಗಿ ಸ್ವಲ್ಪ ದಿನಕ್ಕೆ ಈ ಪ್ರಶ್ನೆ ಬಂದೇ ಬರುತ್ತೆ. ನಾಮಪತ್ರ, ಪ್ರಚಾರ, ಮೊಬೈಲಲ್ಲೇ ಓಟಿಂಗ್ ಮೆಷಿನ್ ಥರ ಆ್ಯಪ್, ಬೀಪ್ ಅಂತ ಸೌಂಡು, ಬೆರಳಿಗೆ ಶಾಯಿ, ಸಾಯಂಕಾಲ ರಿಸಲ್ಟು, ಮಾರನೇ ದಿನ ಪ್ರಮಾಣವಚನ. ಇಷ್ಟೆಲ್ಲಾ ಚೆಂದ ಮಾಡ್ತಾರೆ, ಅದು ಮಕ್ಕಳ ತಲೇಲಿ ಉಳಿಯುತ್ತೆ ಕೂಡ, ನಾನು ಯಾರಿಗೂ ಹೇಳದೆ ಒಬ್ಬಳೇ ಹೋಗಿ ಬಟನ್ ಒತ್ತಿದೆ ಅನ್ನೋದು ಹತ್ತು ವರ್ಷದ ಮಗುಗೆ ಸಣ್ಣ ವಿಷಯ ಅಲ್ಲ.

ಆದ್ರೆ ನಾನು ಪೋಷಕರಿಗೆ ಹೇಳೋದು ಒಂದೇ, ಆಗಸ್ಟಲ್ಲಿ ಹೋಗಿ ಕೇಳಿ. ಆಹಾರ ಮಂತ್ರಿ ಅಂತ ಗೆದ್ದ ಮಗು ಬಿಸಿಯೂಟದ ಸಾಂಬಾರು ನೀರಾಗಿದೆ ಅಂತ ಹೇಳೋಕೆ ಜಾಗ ಇದೆಯಾ, ಹೇಳಿದ್ರೆ ಯಾರಾದ್ರೂ ಉತ್ತರ ಕೊಡ್ತಾರಾ, ವಿರೋಧ ಪಕ್ಷದ ನಾಯಕಿ ಪ್ರಶ್ನೆ ಕೇಳಿದ್ರೆ "ಜಾಸ್ತಿ ಮಾತಾಡ್ತಾಳೆ" ಅಂತ ಕೂರಿಸ್ತಾರಾ? ತಿಂಗಳಿಗೊಂದ್ಸಲ ಸಂಸತ್ತು ಕೂತು, ಏನು ಮಾತಾಡಿದ್ರು ಅಂತ ಒಂದು ಪುಸ್ತಕದಲ್ಲಿ ಬರೆದಿಟ್ಟು, ಹೋದ ತಿಂಗಳು ಹೇಳಿದ್ದು ಆಯ್ತಾ ಇಲ್ವಾ ನೋಡಿದ್ರೆ ಮಕ್ಕಳು ಕಲೀತಾರೆ. ಮಂತ್ರಿಗಳಿಗೆ ಬರೀ ಲೈನ್ ನಿಲ್ಸೋ ಕೆಲಸ, ಗಲಾಟೆ ಮಾಡಿದವರ ಹೆಸರು ಬೋರ್ಡ್ ಮೇಲೆ ಬರೆಯೋ ಕೆಲಸ ಕೊಟ್ರೆ ಅವರು ಕಲಿಯೋದು ಬೇರೇನೋ, ಅಧಿಕಾರ ಅಂದ್ರೆ ಬೇರೆಯವರ ಮೇಲೆ ದರ್ಪ ಮಾಡೋದು ಅಂತ. ಇದು ನನಗೆ ತುಂಬಾ ಬೇಜಾರು ತರೋ ವಿಷಯ.

ಸ್ಕೂಲ್ ಗೇಟಿನ ಹೊರಗೂ ಒಂದು ಜಾಗ ಇದೆ, ಸುಮಾರು ಜನಕ್ಕೆ ಗೊತ್ತೇ ಇಲ್ಲ. ಮಕ್ಕಳ ಗ್ರಾಮಸಭೆ. ಗ್ರಾಮ ಪಂಚಾಯಿತಿಗಳು ಮಕ್ಕಳಿಗಾಗಿಯೇ ಪ್ರತ್ಯೇಕ ಗ್ರಾಮಸಭೆ ಮಾಡ್ಬೇಕು ಅಂತ ನಮ್ಮ ರಾಜ್ಯ ಸರ್ಕಾರ 2006ರಲ್ಲೇ ಹೇಳಿದೆ. ಇದು ಯಾರೋ ಆಫೀಸಲ್ಲಿ ಕೂತು ಯೋಚನೆ ಮಾಡಿ ತಂದಿದ್ದಲ್ಲ, ಅದಕ್ಕೂ ಮುಂಚೆ 1990ರ ದಶಕದಲ್ಲಿ ಕುಂದಾಪುರದ ಕಡೆ ಹಳ್ಳಿಗಳಲ್ಲಿ ಮಕ್ಕಳೇ ಓಟು ಹಾಕಿ ಮಕ್ಕಳ ಪಂಚಾಯತ್ ಮಾಡ್ಕೊಂಡಿದ್ರು, ಅದರಲ್ಲಿ ಸ್ಕೂಲಿಗೆ ಹೋಗೋ ಮಕ್ಕಳು ಮಾತ್ರ ಅಲ್ಲ, ದುಡಿಯೋ ಮಕ್ಕಳೂ ಇದ್ರು. ಮಳೆಗಾಲದಲ್ಲಿ ಹಳ್ಳ ತುಂಬಿ ಹರಿಯೋ ಊರಲ್ಲಿ ಕಾಲುಸಂಕ, ಅಂದ್ರೆ ನಡೆದು ದಾಟೋ ಸಣ್ಣ ಸೇತುವೆ, ಎಲ್ಲಿ ಬೇಕು ಅಂತ ದಿನಾ ಬ್ಯಾಗ್ ಹೊತ್ಕೊಂಡು ಆ ಹಳ್ಳ ದಾಟೋ ಮಗುಗೆ ಗೊತ್ತಿರೋಷ್ಟು ಇಂಜಿನಿಯರಿಗೂ ಗೊತ್ತಿರಲ್ಲ ಅಲ್ವಾ.

ಆ ಮಕ್ಕಳ ಗ್ರಾಮಸಭೇಲಿ ಪಂಚಾಯಿತಿ ಅಧ್ಯಕ್ಷರು, ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಎದುರಿಗೇ ಕೂತಿರ್ತಾರೆ. ಮಕ್ಕಳು ಟಾಯ್ಲೆಟ್ಟಿಗೆ ಬಾಗಿಲಿಲ್ಲ, ಕಾಂಪೌಂಡ್ ಇಲ್ಲ, ಬಸ್ಸು ನಿಲ್ಸಲ್ಲ, ದಾರೀಲಿ ಲೈಟಿಲ್ಲ ಅಂತ ಹೇಳ್ತಾರೆ. ಯಾವುದು ಪಂಚಾಯಿತಿ ಕೈಲಿ ಆಗುತ್ತೆ, ಯಾವುದು ಬೇರೆ ಇಲಾಖೆಗೆ ಬರೀಬೇಕು ಅಂತ ಅಲ್ಲೇ ಗೊತ್ತಾಗುತ್ತೆ. ಸಮಾಜ ವಿಜ್ಞಾನದ ಪುಸ್ತಕದಲ್ಲಿ ಮೂರು ಹಂತದ ಪಂಚಾಯತ್ ರಾಜ್ ಅಂತ ಬಾಯಿಪಾಠ ಮಾಡಿದ್ದು ಇಲ್ಲಿ ಕಣ್ಣಿಗೆ ಕಾಣುತ್ತೆ.

ದಿನಾ ಸಂವಿಧಾನದ ಪೀಠಿಕೆ ಓದಿಸೋದು ಸಾಕಾಗಲ್ವಾ ಅಂತನೂ ಕೆಲವರು ಕೇಳ್ತಾರೆ. 2023ರಿಂದ ಶಾಲೆಗಳಲ್ಲಿ ಓದಿಸ್ತಿದ್ದಾರೆ, ಒಳ್ಳೇದು, ನನಗೆ ಖುಷಿ ಇದೆ. ಆದ್ರೆ ಬೆಳಿಗ್ಗೆ ಸಮಾನತೆ ಅಂತ ಓದಿ ಮಧ್ಯಾಹ್ನ ಊಟಕ್ಕೆ ಬೇರೆ ಬೇರೆ ಸಾಲಲ್ಲಿ ಕೂತ್ರೆ, ಕಸ ಗುಡಿಸೋಕೆ ಯಾವಾಗ್ಲೂ ಹುಡುಗೀರನ್ನೇ ಕರೆದ್ರೆ ಮಗು ಎರಡನೇದನ್ನೇ ಕಲಿಯುತ್ತೆ.

ದೊಡ್ಡವರದ್ದೂ ಪಾಲಿದೆ. ಸರ್ಕಾರಿ ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಂದ್ರೆ ಪೋಷಕರದ್ದೇ ಸಮಿತಿ. 2009ರ ಶಿಕ್ಷಣ ಹಕ್ಕು ಕಾಯ್ದೆ ಇಂಥ ಸಮಿತಿಯಲ್ಲಿ ಶೇ 75 ಜನ ಪೋಷಕರೇ ಇರ್ಬೇಕು, ಅರ್ಧ ಮಹಿಳೆಯರಿರ್ಬೇಕು ಅನ್ನುತ್ತೆ. ಅಮ್ಮನ ಹೆಸರು ಲಿಸ್ಟಲ್ಲಿದ್ದು ಮೀಟಿಂಗಿಗೆ ಅಪ್ಪ ಹೋಗಿ ಸೈನ್ ಹಾಕಿ ಬಂದ್ರೆ ಮನೇಲಿ ಮಗಳು ಅದನ್ನೂ ನೋಡ್ತಿರ್ತಾಳೆ.

ಸಿಟಿಯ ಪ್ರೈವೇಟ್ ಸ್ಕೂಲಾದ್ರೆ ಗ್ರಾಮಸಭೆ ಇಲ್ಲ, ಅಲ್ಲಿ ಕ್ಲಾಸಲ್ಲೇ ವಾರಕ್ಕೊಂದು ಸಭೆ ಮಾಡಿಸಿ ಅಂತ ಟೀಚರ್‌ಗೆ ಹೇಳಿ. ಮನೇಲಿ 17 ತುಂಬಿದವರಿದ್ರೆ ವೋಟರ್ ಲಿಸ್ಟಿಗೆ ಮುಂಗಡವಾಗಿ ಅರ್ಜಿ ಹಾಕಬಹುದು, ಅದನ್ನ ಅವರ ಕೈಲೇ ತುಂಬಿಸಿ.

ಹಳ್ಳೀಲಿರೋರು ನಿಮ್ಮ ಪಂಚಾಯಿತಿಗೆ ಹೋಗಿ ಈ ವರ್ಷದ ಮಕ್ಕಳ ಗ್ರಾಮಸಭೆ ಯಾವತ್ತು ಅಂತ ವಿಚಾರಿಸಿ, ಹೋದ ವರ್ಷ ಮಕ್ಕಳು ಕೇಳಿದ್ದರ ಅನುಪಾಲನಾ ವರದೀನೂ, ಅಂದ್ರೆ ಅದರಲ್ಲಿ ಏನಾಯ್ತು ಏನಾಗಿಲ್ಲ ಅನ್ನೋ ವರದೀನೂ ಕೇಳಿ, ಹೋಗುವಾಗ ಮಗುನೂ ಜೊತೆಗೆ ಕರ್ಕೊಂಡು ಹೋಗಿ.