ಹಂಟಿಂಗ್ಟನ್ ಕಾಯಿಲೆ: ಮದ್ದು ಯಾವ ರಿಸೆಪ್ಟರ್‌ಗೆ ಅಂಟುತ್ತಿತ್ತು?

ಮಂಗಳೂರು, ಉಡುಪಿ ಕಡೆ ಮನೆಯವರೊಬ್ಬರ ಕೈಕಾಲು ತನ್ನಷ್ಟಕ್ಕೇ ಕುಣಿಯಲು ಶುರುವಾದರೆ ಎಷ್ಟೋ ಮನೆಗಳಲ್ಲಿ ಮೊದಲು ಜೋಯಿಸರ ಹತ್ತಿರ ಪ್ರಶ್ನೆ ಇಡಿಸುತ್ತಾರೆ, ನರರೋಗದ ಡಾಕ್ಟರ್ ಆಮೇಲೆ. ಅದು ಹಂಟಿಂಗ್ಟನ್, ಅಂದರೆ ಒಂದು ಕೆಟ್ಟ ಜೀನ್ ಮೂಲಕ ವಂಶದಲ್ಲಿ ಬರುವ ಮಿದುಳಿನ ಕಾಯಿಲೆ, ಅಂತ ಗೊತ್ತಾದರೂ ಗೊಂದಲ ಮುಗಿಯುವುದಿಲ್ಲ. ಅಳಿಯಕಟ್ಟಿನ ಮನೆಗಳಲ್ಲಿ ಕುಟುಂಬದ ಲೆಕ್ಕ ತಾಯಿ ಕಡೆಯಿಂದ. ಅಪ್ಪನ ಕಡೆಯ ಕಾಯಿಲೆ ನಮಗೆ ಬರಲಿಕ್ಕಿಲ್ಲ ಅನಿಸುವುದು ಸಹಜ, ಅಲ್ವಾ? ಈ ಜೀನ್‌ಗೆ ಆ ಲೆಕ್ಕ ಇಲ್ಲ. ಅಪ್ಪನಿಗಿರಲಿ, ಅಮ್ಮನಿಗಿರಲಿ, ಪ್ರತಿ ಮಗುವಿಗೂ ಶೇ. 50 ಸಾಧ್ಯತೆ.

1872ರಲ್ಲಿ ಅಮೆರಿಕದ ಡಾಕ್ಟರ್ ಜಾರ್ಜ್ ಹಂಟಿಂಗ್ಟನ್ ಕಾಯಿಲೆಯನ್ನು ವಿವರಿಸಿದರು. ಜೀನ್ ಸಿಕ್ಕಿದ್ದು 1993ರಲ್ಲಿ.

ರಿಸೆಪ್ಟರ್ ಅಂದರೆ ರಾಸಾಯನಿಕ ಸಂದೇಶವೋ ಮದ್ದೋ ಬಂದು ಅಂಟುವ, ಕೋಶದ ಪ್ರೋಟೀನ್. ಅದರ ಕಥೆ ಇಲ್ಲಿ ಶುರುವಾದದ್ದು 1976ರಲ್ಲಿ. ಇಲಿಯ ಮಿದುಳಿನಲ್ಲಿ ಚಲನೆ ನೋಡಿಕೊಳ್ಳುವ ಭಾಗವಾದ ಸ್ಟ್ರಯೇಟಮ್‌ಗೆ ಗ್ಲುಟಮೇಟ್ ಎಂಬ ಮಿದುಳಿನ ರಾಸಾಯನಿಕದ ಹಾಗೆ ಕೆಲಸ ಮಾಡುವ ಕೈನಿಕ್ ಆಸಿಡ್ ಚುಚ್ಚಿದಾಗ ಹಂಟಿಂಗ್ಟನ್‌ನಲ್ಲಿ ಆಗುವ ಹಾಗೆಯೇ ಕೋಶಗಳು ಸತ್ತವು. ಗ್ಲುಟಮೇಟ್ ರಿಸೆಪ್ಟರ್ ಅತಿಯಾಗಿ ಕೆರಳಿದರೆ ಕೋಶ ಸಾಯುತ್ತದೆ, ಹಾಗಾದರೆ ಅದನ್ನೇ ಮುಚ್ಚಿಬಿಡೋಣ ಎಂಬ ಯೋಚನೆ ಬಂತು. ರೆಮಸೆಮೈಡ್ ಎಂಬ ಮದ್ದು ಕೊಟ್ಟು ನೋಡಿದರು. ಕಾಯಿಲೆ ನಿಧಾನವಾಗಲಿಲ್ಲ ಎಂದು 2001ರಲ್ಲಿ ಗೊತ್ತಾಯಿತು. ಕಲಿಯಲು, ನೆನಪಿಡಲು ಬೇಕಾದದ್ದೂ ಅದೇ ರಿಸೆಪ್ಟರ್.

ಪ್ರಿಡೋಪಿಡಿನ್ ಕಥೆ ಇನ್ನೂ ಕಷ್ಟದ್ದು. ಸ್ವೀಡನ್‌ನಲ್ಲಿ ಹುಟ್ಟಿದ ಈ ಮದ್ದು ಡೋಪಮಿನ್ ರಿಸೆಪ್ಟರ್ ಮೇಲೆ ಕೆಲಸ ಮಾಡುತ್ತದೆ ಎಂದೇ ನಂಬಿದ್ದರು. ಡೋಪಮಿನ್ ಅಂದರೆ ಚಲನೆಗೆ ಬೇಕಾದ ಮಿದುಳಿನ ರಾಸಾಯನಿಕ. ಹಾಗಾಗಿ ದೊಡ್ಡ ಪ್ರಯೋಗಗಳು ಮುಖ್ಯವಾಗಿ ಅಳೆದದ್ದು ಕೈಕಾಲಿನ ಚಲನೆಯನ್ನೇ. ಗುರಿ ಮುಟ್ಟಲಿಲ್ಲ. ಆಮೇಲೆ ಮಿದುಳಿನ ಸ್ಕ್ಯಾನ್ ಮಾಡಿ ನೋಡಿದರೆ, ರೋಗಿಗೆ ಕೊಡುವ ಪ್ರಮಾಣದಲ್ಲಿ ಮದ್ದು ಹೆಚ್ಚಾಗಿ ಅಂಟಿದ್ದು ಸಿಗ್ಮಾ-1 ಎಂಬ ಬೇರೆಯೇ ರಿಸೆಪ್ಟರ್‌ಗೆ, ಡೋಪಮಿನ್ ರಿಸೆಪ್ಟರ್‌ಗೆ ತೀರಾ ಕಡಿಮೆ. ಸಿಗ್ಮಾ-1 ಇರುವುದು ಕೋಶದ ಒಳಗೆ, ಕ್ಯಾಲ್ಸಿಯಂ ಹತೋಟಿಗೆ ನೆರವಾಗುವ ಜಾಗದಲ್ಲಿ. ಇಷ್ಟು ವರ್ಷ ಅಳೆದದ್ದೇ ಬೇರೆ ಎಂದಾಯಿತು. ಪ್ರಯೋಗಕ್ಕೆ ಒಪ್ಪಿದ ರೋಗಿಗಳ ಮಟ್ಟಿಗೆ ಇದು ಸಣ್ಣ ನಷ್ಟವಲ್ಲ.

ನಂತರದ ಪ್ರಯೋಗದಲ್ಲಿ ಅಳತೆ ಬದಲಾಯಿತು: ಕೆಲಸ, ಹಣದ ಲೆಕ್ಕ, ಮನೆಗೆಲಸ ಎಷ್ಟು ಮಾಡಬಲ್ಲರು ಅಂತ. 2023ರಲ್ಲಿ ಅದೂ ಮುಖ್ಯ ಗುರಿ ತಪ್ಪಿತು. ಡೋಪಮಿನ್ ಪ್ರಭಾವ ತಗ್ಗಿಸುವ ಮಾತ್ರೆ ತೆಗೆದುಕೊಳ್ಳದವರಲ್ಲಿ ಮಾತ್ರ ಸ್ವಲ್ಪ ಒಳ್ಳೆಯ ಲಕ್ಷಣ ಕಂಡಿತು. ಅದು ಆ ಗುಂಪಿನ ಅಂಕಿಗಳನ್ನು ಬೇರೆ ಮಾಡಿ ನೋಡಿದಾಗ ಸಿಕ್ಕಿದ್ದು, ಪುರಾವೆ ಅನ್ನುವಂತಿಲ್ಲ. ಆ ಗುಂಪನ್ನೇ ಇಟ್ಟುಕೊಂಡು ಇನ್ನೊಂದು ಪ್ರಯೋಗ ಆಗಲೇಬೇಕು.

ಸದ್ಯಕ್ಕೆ ಕುಣಿತ ತಗ್ಗಿಸಲು ಕೊಡುವ ಮದ್ದುಗಳಲ್ಲಿ ಟೆಟ್ರಾಬೆನಜೀನ್ ಒಂದು. ಅದು ರಿಸೆಪ್ಟರ್ ಮುಚ್ಚುವುದಿಲ್ಲ, ಡೋಪಮಿನ್ ದಾಸ್ತಾನು ಇಳಿಸುತ್ತದೆ. ಕೋಶ ಸಾಯುವುದನ್ನು ತಡೆಯುವುದೂ ಇಲ್ಲ. ಖಿನ್ನತೆ ಜಾಸ್ತಿ ಮಾಡಬಹುದು. ಮಾತ್ರೆ ಶುರುವಾದ ಮೇಲೆ ರೋಗಿ ಸುಮ್ನೆ ಮಂಕಾಗಿ ಕೂತರೆ, ಸಾಯುವ ಮಾತು ಆಡಿದರೆ, ಮುಂದಿನ ಭೇಟಿಯವರೆಗೆ ಕಾಯದೆ ಡಾಕ್ಟರಿಗೆ ತಿಳಿಸಿ.