ಹಸಿರಾಗಿಯೇ ಸತ್ತ ಗಿಡ

ಚಿಕ್ಕಬಳ್ಳಾಪುರದ ನಮ್ಮ ಮನೆ ಗೇಟಿನ ಎರಡೂ ಕಡೆ ಒಂದು ನವೆಂಬರ್‌ನಲ್ಲಿ ನಾಲ್ಕು ಥೂಜಾ (ವರ್ಷವಿಡೀ ಹಸಿರಾಗಿರುವ ಅಲಂಕಾರದ ಗಿಡ) ನೆಟ್ಟಿದ್ದೆ. ಸಂಕ್ರಾಂತಿ ತನಕ ನಾಲ್ಕೂ ಹಚ್ಚಗಿದ್ದವು. ಶಿವರಾತ್ರಿ ಹೊತ್ತಿಗೆ ಮೂಡಲ ಕಡೆಯ ಎರಡು ಕಂದಾಗಿ, ಮುಟ್ಟಿದರೆ ಎಲೆ ಪುಡಿಪುಡಿಯಾಗಿ ಉದುರತೊಡಗಿತು. "ಚಳಿಗೆ ಸುಟ್ಟೋಗಿದೆ ಬಿಡಿ ಸಾರ್" ಅಂದರು ಪಕ್ಕದ ಸೈಟಿನವರು. ನಾನೂ ನಂಬಿದೆ.

ಆದರೆ ನಮ್ಮೂರಿನ ಚಳಿ ಎಷ್ಟು? ಡಿಸೆಂಬರ್ ರಾತ್ರಿ ಸಾಮಾನ್ಯವಾಗಿ 12ರಿಂದ 15 ಡಿಗ್ರಿ. ನರ್ಸರಿಗಳಲ್ಲಿ ಸಿಗುವ ಈ ಥೂಜಾದ ತವರು ಚೀನಾ, ಕೊರಿಯಾ ಕಡೆ. ಹಿಮ ಕಂಡ ಜಾತಿಗೆ ಇದು ಯಾವ ಲೆಕ್ಕ?

ಅದನ್ನು ಕೊಂದಿದ್ದು ಬಾಯಾರಿಕೆ. ಎಲೆ ಉದುರಿಸುವ ಮರ ನೀರು ಕಮ್ಮಿಯಾದಾಗ ಬೋಳಾಗಿ ಸುಮ್ನಿದ್ದುಬಿಡುತ್ತದೆ. ನಿತ್ಯಹಸಿರು ಗಿಡಕ್ಕೆ ಆ ದಾರಿ ಇಲ್ಲ, ಚಳಿಗಾಲದಲ್ಲೂ ಅದರ ಎಲೆಯಿಂದ ನೀರು ಆವಿಯಾಗುತ್ತಲೇ ಇರುತ್ತದೆ. ಹಿಮದ ದೇಶಗಳಲ್ಲಿ ನೆಲ ಹೆಪ್ಪುಗಟ್ಟಿ ಬೇರಿಗೆ ನೀರು ಸಿಗುವುದಿಲ್ಲ. ನಮ್ಮಲ್ಲಿ ಹಿಂಗಾರು ನಿಂತ ಮೇಲೆ ಏಪ್ರಿಲ್ ತನಕ ಹೆಚ್ಚುಕಮ್ಮಿ ಮಳೆಯೇ ಇಲ್ಲ, ಜೊತೆಗೆ ಮೂಡಗಾಳಿ. ಬೆಳಗಿನ ಮಂಜು ನೋಡಿ ತೇವ ಇದೆ ಅಂದುಕೊಳ್ಳುತ್ತೇವೆ, ಮಧ್ಯಾಹ್ನದ ಒಣಗಾಳಿಗೆ ನಮ್ಮ ತುಟಿಯೇ ಒಡೆಯುತ್ತದೆ, ಅಲ್ವಾ?

ನೀರಂತೂ ದಿನಾ ಸಂಜೆ ಪೈಪು ಹಿಡಿದು ಹಾಕುತ್ತಿದ್ದೆ. ಸತ್ತ ಗಿಡ ಕಿತ್ತಾಗ ಗೊತ್ತಾಯಿತು. ಬೇರಿನ ಮುದ್ದೆ ಇನ್ನೂ ನರ್ಸರಿ ಕವರಿನ ಆಕಾರದಲ್ಲೇ ಇತ್ತು, ಒಂದು ಬೇರೂ ಆಚೆಯ ಕೆಮ್ಮಣ್ಣಿಗೆ ಇಳಿದಿರಲಿಲ್ಲ. ಸುತ್ತಲ ಮಣ್ಣು ತೇವವಾಗಿತ್ತು. ಮುದ್ದೆ ಮಾತ್ರ ಬಿಸಿಲಿಗೆ ಬಿದ್ದ ತೆಂಗಿನ ನಾರಿನ ಹಾಗೆ ಒಣಗಿತ್ತು. ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಜಾಸ್ತಿ ಇರುವ ನರ್ಸರಿ ಮಿಶ್ರಣ ಸಡಿಲ, ಜೇಡಿ ಬೆರೆತ ನಮ್ಮ ಮಣ್ಣು ನುಣುಪು. ನುಣುಪು ಮಣ್ಣು ನೀರನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ, ಪಕ್ಕದ ಸಡಿಲ ಮುದ್ದೆಗೆ ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಹಾಗಾಗಿ ಮೊದಲ ಚಳಿಗಾಲದಲ್ಲಿ ಪಾತಿಯ ಅಂಚಿಗೆ ಸುರಿದ ನೀರು ಗಿಡಕ್ಕೆ ಅಷ್ಟಾಗಿ ಮುಟ್ಟುವುದೇ ಇಲ್ಲ. ಈಗ ಬೆರಳನ್ನು ಕಾಂಡದ ಬುಡದಲ್ಲೇ ಎರಡು ಇಂಚು ಇಳಿಸಿ ನೋಡುತ್ತೇನೆ. ಒಣಗಿದ್ದರೆ ತಳಕ್ಕೆ ತೂತು ಮಾಡಿದ ಹಳೇ ಬಕೆಟ್ ಅಲ್ಲೇ ಇಟ್ಟು, ನೀರು ನಿಧಾನಕ್ಕೆ ಇಳಿಯಲು ಬಿಡುತ್ತೇನೆ. ನೆಡುವಾಗಲೇ ಸುತ್ತಿಕೊಂಡ ಬೇರುಗಳನ್ನು ಬಿಡಿಸಿದ್ದರೆ ಇಷ್ಟು ಪಾಡು ಇರುತ್ತಿರಲಿಲ್ಲ.

ಇನ್ನೊಂದು ಮೋಸ ಆ ಹಸಿರು ಬಣ್ಣದ್ದು. ಹೂಗುಚ್ಛಕ್ಕೆ ಕತ್ತರಿಸಿದ ಥೂಜಾ ರೆಂಬೆ ಬೇರೇ ಇಲ್ಲದೆ ಎಷ್ಟೋ ದಿನ ಹಸಿರಾಗಿರುತ್ತದೆ, ನೋಡಿದ್ದೀರಲ್ಲ? ನೆಟ್ಟ ಗಿಡವೂ ಅಷ್ಟೇ. ಕಂದು ಕಾಣುವ ಹೊತ್ತಿಗೆ ಕಥೆ ಮುಗಿದು ವಾರಗಳೇ ಆಗಿರಬಹುದು. ನನ್ನ ಎರಡು ಗಿಡ ಸಂಕ್ರಾಂತಿಗೇ ಹೋಗಿದ್ದವೋ ಏನೋ. ಅನುಮಾನ ಬಂದರೆ ಉಗುರಿನಿಂದ ತೊಗಟೆ ಸ್ವಲ್ಪ ಕೆರೆಯಿರಿ. ಒಳಗೆ ಹಸಿರು, ತೇವ ಇದ್ದರೆ ಜೀವ ಇದೆ. ಆಗ ಗಾಬರಿಯಿಂದ ಗೊಬ್ಬರ ಸುರಿಯಬೇಡಿ. ಕತ್ತರಿಯನ್ನೂ ಹಚ್ಚಬೇಡಿ, ಥೂಜಾ ಬೋಳು ರೆಂಬೆಯಿಂದ ಮತ್ತೆ ಚಿಗುರುವುದು ಕಷ್ಟ.

ಬುಡಕ್ಕೆ ಹೊದಿಕೆ ಬೇಕು. ನಮ್ಮ ಕಡೆ ಅದೇ ಹೊತ್ತಿಗೆ ಅವರೆಕಾಯಿ ಕಾಲ, ಮನೆ ತುಂಬಾ ಸಿಪ್ಪೆ. ಅದನ್ನೇ ಒಣಗಿಸಿ ಮೂರು ಇಂಚು ಹರಡುತ್ತೇನೆ, ಕಾಂಡದಿಂದ ಗೇಣು ದೂರಕ್ಕೆ. ರಾಗಿ ಹುಲ್ಲೂ ಆಗುತ್ತದೆ, ಗೆದ್ದಲು ಹತ್ತದಂತೆ ಆಗಾಗ ಎತ್ತಿ ನೋಡಬೇಕು ಅಷ್ಟೇ. ಗಾಳಿ ತಡೆಯಲು ಮೂಡಲಿಗೆ ಎರಡು ಗೂಟ ನೆಟ್ಟು ಹಳೇ ಶೇಡ್ ನೆಟ್ ತುಂಡು ಕಟ್ಟಿದ್ದೇನೆ. ನೋಡೋಕೆ ಚೆನ್ನಾಗಿಲ್ಲ ಅಂತ ಮನೆಯಲ್ಲಿ ಬೈಗುಳ. ಯುಗಾದಿಗೆ ಬಿಚ್ಚುತ್ತೇನೆ ಅಂತ ಹೇಳಿದ್ದೇನೆ.