ಔಷಧಿಗೆ ಮೊದಲು ಪೈಪು ಹಿಡಿಯಿರಿ

ಮನೆಯ ಅಕ್ವೇರಿಯಂನ ಹವಳದ ಮೇಲೆ ತುಕ್ಕಿನ ಬಣ್ಣದ ಪದರ ಕಂಡರೆ ಪಾಚಿ ಅಂತ ಸುಮ್ನೆ ಬಿಡಬೇಡಿ. ಭೂತಗನ್ನಡಿ ಹಿಡಿದು ನೋಡಿ. ಪದರ ಮೆಲ್ಲಗೆ ಜಾರುತ್ತಿದ್ದರೆ ಅದು ಚಪ್ಪಟೆ ಹುಳು. ಕೆಲವೇ ಮಿಲಿಮೀಟರ್ ಉದ್ದ, ಹಿಂದುಗಡೆ ಮೂರು ಚೂಪು ಬಾಲ. ಅಂಗಡಿಯವರು ರೆಡ್ ಪ್ಲನೇರಿಯಾ ಅನ್ನುತ್ತಾರೆ. 1988ರಲ್ಲಿ ವಿಜ್ಞಾನಿಗಳು ಇದಕ್ಕಿಟ್ಟ ಹೆಸರು ಕನ್ವೊಲ್ಯೂಟ್ರಿಲೋಬಾ ರೆಟ್ರೊಜೆಮ್ಮಾ.

ಇದು ಮರಿ ಮಾಡುವ ರೀತಿ ನೋಡಿದರೆ ಬೆರಗಾಗುತ್ತದೆ. ತಾಯಿಯ ಹಿಂಬದಿಯಲ್ಲಿ ಮೊಗ್ಗು ಮೂಡುತ್ತದೆ. ಮರಿಯ ತಲೆ ತಾಯಿಯ ತಲೆಗೆ ತದ್ವಿರುದ್ಧ ದಿಕ್ಕಿಗಿರುತ್ತದೆ. ಬಲಿತ ಮೇಲೆ ಅದು ಆ ಕಡೆ, ಇದು ಈ ಕಡೆ ಎಳೆದಾಡಿ ಕಿತ್ತುಕೊಂಡು ಬೇರೆಯಾಗುತ್ತವೆ. ಜೋಡಿ ಬೇಕಿಲ್ಲ. ಹವಳದ ತುಂಡಿಗೆ ಅಂಟಿಕೊಂಡು ಒಂದೇ ಒಂದು ಬಂದರೂ ಸಾಕು, ಟ್ಯಾಂಕು ತುಂಬುತ್ತದೆ.

ಹುಳುವಿನ ಮೈಯೊಳಗೆ ಪಾಚಿ ಇದೆ. ಬೆಳಕು ಸಿಕ್ಕರೆ ಆ ಪಾಚಿಯೇ ಊಟ ಮಾಡಿಕೊಡುತ್ತದೆ. ಜೊತೆಗೆ ಹುಳು ನೀರಿನ ಸಣ್ಣಪುಟ್ಟ ಜೀವಿಗಳನ್ನೂ ಹಿಡಿದು ತಿನ್ನುತ್ತದೆ. ಹವಳವನ್ನು ಮಾತ್ರ ತಿನ್ನುವುದಿಲ್ಲ. ಆದರೆ ಹೆಚ್ಚಿನ ಹವಳ ಬದುಕಿರುವುದೂ ಮುಖ್ಯವಾಗಿ ತನ್ನೊಳಗಿನ ಪಾಚಿಯಿಂದಲೇ. ಹುಳುಗಳು ಮೇಲೆ ಹಾಸಿಕೊಂಡರೆ ಬೆಳಕಿಲ್ಲದೆ ಸೊರಗುತ್ತದೆ.

ದೊಡ್ಡ ಅಪಾಯ ಇರುವುದು ಹುಳು ಸಾಯುವಾಗ. ಇದರ ಮೈಯಲ್ಲಿ ವಿಷವಿದೆ. ಸಾವಿರಾರು ಹುಳು ಒಟ್ಟಿಗೆ ಸತ್ತರೆ ವಿಷ ನೀರಿಗಿಳಿದು ಮೀನುಗಳೂ ಸಾಯಬಹುದು. ಮುಂಬೈ ಫ್ಲಾಟುಗಳಲ್ಲಿ ಟ್ಯಾಂಕೂ ಚಿಕ್ಕದೇ ಅಲ್ವಾ? ನೀರು ಕಡಿಮೆಯಾದಷ್ಟೂ ವಿಷದ ಕಾಟ ಜಾಸ್ತಿ. ಮೇ ತಿಂಗಳ ಸೆಕೆಗೆ ಬಿಸಿಯಾದ ನೀರಿನಲ್ಲಿ ಆಮ್ಲಜನಕವೂ ಕಡಿಮೆ.

ಘಾಟ್ಕೋಪರಿನ ಗೆಳೆಯರೊಬ್ಬರು ಕುರ್ಲಾದಿಂದ ಹುಳು ಸಾಯಿಸುವ ಔಷಧಿ ತಂದು ಆ ಸಂಜೆಯೇ ಹಾಕಲು ಹೊರಟಿದ್ದರು. “ತಡೀರಿ ಶೆಟ್ರೇ, ಮೊದಲು ಪೈಪು ಹಿಡಿಯೋಣ” ಅಂದೆ. ಏರ್ ಪಂಪಿನ ತೆಳು ಪೈಪಿನಿಂದ ಬಕೆಟ್ಟಿಗೆ ನೀರು ಎಳೆದೆವು. ಪೈಪಿನ ಬಾಯಿ ಹತ್ತಿರ ಒಯ್ದರೆ ಸಾಕು, ಹುಳು ಗಾಜಿನಿಂದ ಕಿತ್ತು ಬರುತ್ತದೆ. ಬಕೆಟ್ಟಿನ ತಳ ಕೆಂಪಗಾಯಿತು. ಈ ಕೆಲಸವನ್ನು ಲೈಟು ಉರಿಯುವಾಗಲೇ ಮಾಡಬೇಕು. ಬೆಳಕು ಬೀಳುವ ಕಡೆಗೇ ಅವು ಬಂದು ಸೇರುತ್ತವೆ. ಎಳೆದ ನೀರನ್ನು ಚೆಲ್ಲಿ ಹೊಸ ಉಪ್ಪುನೀರು ತುಂಬಿಸಿ. ಕೆಲವು ದಿನ ಹೀಗೆ ಮಾಡುತ್ತಾ, ಮೀನಿಗೆ ಹಾಕುವ ಆಹಾರವನ್ನೂ ಕಡಿಮೆ ಮಾಡಿ.

ಆರು ಗೆರೆಯ ರ‍್ಯಾಸ್ ಮೀನು ಈ ಹುಳು ತಿನ್ನುವುದುಂಟು, ಆದರೆ ಆ ಜಾತಿಯ ಎಲ್ಲ ಮೀನುಗಳೂ ತಿನ್ನುವುದಿಲ್ಲ. ಚೆಲಿಡೋನ್ಯೂರಾ ವೇರಿಯನ್ಸ್ ಎಂಬ ಕಪ್ಪು-ನೀಲಿ ಕಡಲ ಸ್ಲಗ್ (ಹೊರಚಿಪ್ಪಿಲ್ಲದ ಬಸವನಹುಳು) ಚೆನ್ನಾಗಿ ತಿನ್ನುತ್ತದೆ. ಅದಕ್ಕೆ ಬೇರೆ ಊಟವೇ ಸೇರದು. ಹುಳು ಮುಗಿದ ಮೇಲೆ ಹಸಿದು ಸಾಯುತ್ತದೆ. ಹಾಗಾಗಿ ಅದನ್ನು ಕೊಂಡು ತರುವುದು ನನಗೆ ಒಪ್ಪಿಗೆಯಿಲ್ಲ.

ಹುಳು ವಿರಳವಾದ ಮೇಲೆ ಔಷಧಿ. ಬಾಟಲಿಯ ಮೇಲಿನ ಅಳತೆ ಮೀರಬೇಡಿ. ಬದಲಿಸಲು ಉಪ್ಪುನೀರು ಮೊದಲೇ ಸಿದ್ಧವಿರಲಿ. ಏರ್ ಪಂಪು ಜೋರಾಗಿ ಓಡಲಿ. ನೀರಿನ ವಿಷ ಹೀರಲು ಫಿಲ್ಟರಿನಲ್ಲಿಡುವ ಇದ್ದಿಲು, ಅಂದರೆ ಆಕ್ಟಿವೇಟೆಡ್ ಕಾರ್ಬನ್, ಔಷಧಿಯನ್ನೂ ಹೀರಿಬಿಡುತ್ತದೆ, ಅದಕ್ಕೇ ಔಷಧಿ ಕೆಲಸ ಮಾಡುವವರೆಗೆ ಅದನ್ನು ಹೊರಗಿಡಿ. ಸತ್ತು ತೇಲುವ ಹುಳುಗಳನ್ನು ಪೈಪಿನಿಂದ ಎಳೆಯುತ್ತಲೇ ಇರಿ. ಮೀನು ಏದುಸಿರು ಬಿಡತೊಡಗಿದರೆ ಕಾಯಬೇಡಿ, ತಕ್ಷಣ ಕಾರ್ಬನ್ ಹಾಕಿ, ನೀರು ಬದಲಿಸಿ. ಕಲ್ಲಿನ ಸಂದಿಯಲ್ಲಿ ಒಂದೆರಡು ಉಳಿದೇ ಇರುತ್ತವೆ. ವಾರ ಬಿಟ್ಟು ಇನ್ನೊಮ್ಮೆ ಔಷಧಿ ಹಾಕಬೇಕಾಗುತ್ತದೆ.